ಬಳ್ಳಾರಿಯಲ್ಲಿ ಕೂತು ಜಾಝ್ ಪಿಯಾನೊ ಕಲಿಯೋದು ಹೇಗೆ

ಬಳ್ಳಾರಿ ಇರಲಿ, ರಾಯಚೂರು ಕೊಪ್ಪಳ ಇರಲಿ, ಜಾಝ್ ಪಿಯಾನೊ ಹೇಳಿಕೊಡುವ ಮೇಷ್ಟ್ರು ಸಿಗೋದು ಕಷ್ಟ. ಅದಕ್ಕಾಗಿ ಕಾಯಬೇಡಿ. ನಮ್ಮ ಕಡೆ ನಾಟಕದ ಪೇಟಿ ಮಾಸ್ತರರು, ಭಜನೆ ತಂಡದವರು ಬಹಳ ಜನ ಕೇಳಿ ಕೇಳಿಯೇ ಕಲಿತವರಲ್ವಾ? ಜಾಝ್‌ನವರೂ ಹಾಗೇ. ಹೆಸರಾಂತ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಹುಡುಗನಾಗಿದ್ದಾಗ ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಅವರ ಸೋಲೊಗಳನ್ನು (ಒಬ್ಬರೇ ಮುಂದೆ ನಿಂತು ನುಡಿಸುವ ಭಾಗ) ರೆಕಾರ್ಡ್ ಕೇಳಿಯೇ ಕಲಿತರು.

61 ಕೀ ಇರುವ ಸಾಧಾರಣ ಕೀಬೋರ್ಡ್ ಸಾಕು. ಆರ್ಕೆಸ್ಟ್ರಾದಲ್ಲಿ ನುಡಿಸುವವರು ಮೊದಲು ಟ್ರಾನ್ಸ್‌ಪೋಸ್ (ಶ್ರುತಿ ಏರಿಸಿ ಇಳಿಸುವ ಬಟನ್) ಸೊನ್ನೆಗೆ ತನ್ನಿ, ಇಲ್ಲದಿದ್ರೆ ಕಿವಿ ಒಂದು ಹೇಳುತ್ತೆ, ಕಣ್ಣು ಇನ್ನೊಂದು ನೋಡುತ್ತೆ. ಆಟೊ ರಿದಮ್ ಆಫ್ ಮಾಡಿ. ಹೆಡ್‌ಫೋನ್ ಮಾತ್ರ ಬೇಕೇ ಬೇಕು. ಫೋನಿನ ಸ್ಪೀಕರಿನಲ್ಲಿ ಬೇಸ್, ಅಂದ್ರೆ ತಗ್ಗು ಸ್ವರದ ವಾದ್ಯ, ಸರಿಯಾಗಿ ಕೇಳಲ್ಲ, ಆದ್ರೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಯಾವುದು ಅಂತ ಮೊದಲ ಸುಳಿವು ಕೊಡೋದೇ ಬೇಸ್. ಬೇಸಿಗೆಯಲ್ಲಿ ನಮ್ಮೂರಿನ ಫ್ಯಾನ್ ಸದ್ದಿನ ಕೆಳಗೆ ಕೂತು ಸ್ಪೀಕರಿನಲ್ಲಿ ಕೇಳೋದಂತೂ ಆಗದ ಮಾತು.

ಮೊದಲಿಗೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಆಲ್ಬಮ್‌ನಿಂದ 'ಫ್ರೆಡಿ ಫ್ರೀಲೋಡರ್' ತಗೊಳ್ಳಿ. ಆಲ್ಬಮ್‌ನಲ್ಲಿ ಮಿಕ್ಕ ಕಡೆ ಪಿಯಾನೊ ಬಿಲ್ ಎವಾನ್ಸ್ ಅವರದು, ಇದರಲ್ಲಿ ಮಾತ್ರ ವಿಂಟನ್ ಕೆಲ್ಲಿ. 12 ಬಾರ್‌ಗಳ (ನಾಲ್ಕು ಎಣಿಕೆಗೆ ಒಂದು ಬಾರ್) ಸುತ್ತು ತಿರುಗಿ ತಿರುಗಿ ಬರುವ ಬ್ಲೂಸ್, ಅವಸರ ಇಲ್ಲದ ಲಯ, ಮೊದಲ ಸೋಲೊ ಪಿಯಾನೊದ್ದೇ. ಒಂದು ಎಚ್ಚರಿಕೆ: ಈ ಆಲ್ಬಮ್‌ನ ಮೊದಲ ಮೂರು ಟ್ರ್ಯಾಕ್ ರೆಕಾರ್ಡ್ ಮಾಡಿದ ಟೇಪ್ ಮಷೀನು ಸ್ವಲ್ಪ ನಿಧಾನ ಓಡಿತ್ತು, ಹಾಗಾಗಿ ಹಳೆಯ ಪ್ರತಿಗಳಲ್ಲಿ ಶ್ರುತಿ ತುಸು ಏರಿದೆ. 1992ರಲ್ಲಿ ಅದನ್ನು ಸರಿಪಡಿಸಿದ ಪ್ರತಿ ಬಂತು. ನಿಮ್ಮ ಕೀಬೋರ್ಡಿನ ಯಾವ ಕೀಗೂ ಸ್ವರ ಕೂಡದಿದ್ರೆ ಕಿವಿಯನ್ನು ಅನುಮಾನಿಸುವ ಮೊದಲು ಬೇರೆ ಅಪ್‌ಲೋಡ್ ಹುಡುಕಿ.

ಈಗ ಮುಖ್ಯ ಕೆಲಸ. ಕೀಬೋರ್ಡ್ ಮುಟ್ಟಬೇಡಿ, ಹಾಡಿ. ಸೋಲೊದ ಮೊದಲ ನಾಲ್ಕು ಬಾರ್ ಮಾತ್ರ ತಿರುಗಿ ತಿರುಗಿ ಹಾಕಿ, ಜೊತೆಗೆ ಗುನುಗಿ, ಆಮೇಲೆ ರೆಕಾರ್ಡ್ ನಿಲ್ಲಿಸಿ ಒಬ್ಬರೇ ಹಾಡಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ನೀವು ಇನ್ನೂ ಕೇಳಿಸಿಕೊಂಡಿಲ್ಲ ಅಂತ ಅರ್ಥ. ಬಹಳ ಜನ ಇದನ್ನು ಬಿಟ್ಟು ನೇರ ಬೆರಳಿನಿಂದ ತಡಕಾಡ್ತಾರೆ, ಸ್ವರ ಸಿಗುತ್ತೆ, ಆದ್ರೆ ಉಸಿರು, ಒತ್ತು, ಬೀಟಿಗಿಂತ ಕೂದಲೆಳೆ ಹಿಂದೆ ನಿಲ್ಲುವ ಆ ಸೊಗಸು ಯಾವುದೂ ಬರಲ್ಲ. ಯೂಟ್ಯೂಬಿನಲ್ಲಿ ವೇಗ 0.75ಕ್ಕೆ ಇಳಿಸಿದ್ರೂ ಶ್ರುತಿ ಬದಲಾಗಲ್ಲ, ಕಷ್ಟದ ಕಡೆ 0.5 ಮಾಡಿಕೊಳ್ಳಿ. ಆದ್ರೆ ಹಾಡೋದು ಪೂರ್ತಿ ವೇಗದಲ್ಲೂ ಬರಬೇಕು. ಚಪ್ಪಾಳೆ ಒಂದು ಮೂರಕ್ಕೆ ಬೇಡ, ಎರಡು ನಾಲ್ಕಕ್ಕೆ ಹಾಕಿ. ಮೊದಮೊದಲು ಕೈ ಒಪ್ಪಲ್ಲ, ಬಿಡಬೇಡಿ.

ಹಾಡಲು ಬಂದ ಮೇಲೆ ಬಲಗೈ. ಇದರ 'ಸ' ಕಪ್ಪು ಐದರಲ್ಲಿದೆ (ಬಿಳಿ, ಕಪ್ಪು ಕೀಗಳನ್ನು C ಇಂದ ಬೇರೆ ಬೇರೆಯಾಗಿ ಎಣಿಸಿ; ಕಪ್ಪು ಐದು ಅಂದ್ರೆ B ಫ್ಲಾಟ್). ಹಿಂದೂಸ್ತಾನಿ ಕೇಳಿ ಬೆಳೆದ ಕಿವಿಗೆ ಕೆಲವು ಕಡೆ ಮೀಂಡ್, ಅಂದ್ರೆ ಸ್ವರದಿಂದ ಸ್ವರಕ್ಕೆ ಜಾರೋದು, ಇದ್ದಂತೆ ಅನ್ನಿಸುತ್ತೆ. ಪಿಯಾನೊದಲ್ಲಿ ಮೀಂಡ್ ಎಲ್ಲಿಂದ ಬರಬೇಕು? ಕೋಮಲ ಗಾಂಧಾರವನ್ನು ಚೂರು ಮುಟ್ಟಿ ತಕ್ಷಣ ಶುದ್ಧ ಗಾಂಧಾರಕ್ಕೆ ಜಾರಿಸ್ತಾರೆ, ಬ್ಲೂಸಿನ ರುಚಿಯೇ ಅದು. ಎರಡು ಬೇರೆ ಸ್ವರ ಅಂತ ಬಿಡಿಸಿ ನುಡಿಸಬೇಡಿ.

ಎಡಗೈಗೆ ಇಡೀ ಕಾರ್ಡ್ ಹುಡುಕುತ್ತಾ ಒದ್ದಾಡಬೇಡಿ. ಪ್ರತಿ ಕಾರ್ಡಿನ ಮೂಲಸ್ವರವನ್ನೇ 'ಸ' ಅಂತ ಹಿಡಿದು, ಅದರ ಗಾಂಧಾರ ಮತ್ತು ಕೋಮಲ ನಿಷಾದ ಎರಡೇ ಸಾಕು, ಮೂಲಸ್ವರವನ್ನು ಬೇಸ್‌ನವರು ನುಡಿಸ್ತಾರೆ. ಮೊದಲ ಕಾರ್ಡಿಗೆ ಕಪ್ಪು ನಾಲ್ಕು, ಅದರ ಮೇಲೆ ಬಿಳಿ ಎರಡು ಹಿಡಿಯಿರಿ. ಬೇಸ್ ಮಧ್ಯಮಕ್ಕೆ ಹೋದಾಗ ಎರಡೂ ಬೆರಳು ಒಂದೊಂದು ಕೀ ಕೆಳಗೆ: ಬಿಳಿ ಐದು, ಕಪ್ಪು ಒಂದು. ಪಂಚಮಕ್ಕೆ ಹೋದಾಗ ಮೊದಲ ಜಾಗದಿಂದ ಒಂದೊಂದು ಕೀ ಮೇಲೆ: ಬಿಳಿ ಆರು, ಕಪ್ಪು ಎರಡು. ಬ್ಲೂಸಿನ ಮೂರು ಕಾರ್ಡ್ ಇಷ್ಟರಲ್ಲೇ ಮುಗಿದವು! ಕೆಲ್ಲಿ ನುಡಿಸಿದ್ದು ಇದಕ್ಕಿಂತ ತುಂಬಿಕೊಂಡ ಕಾರ್ಡ್, ಆದ್ರೆ ಈ ಎರಡು ಸ್ವರ ಕಿವಿಗೆ ಕೂತರೆ ಉಳಿದವು ಒಂದೊಂದಾಗಿ ಕೇಳಿಸತೊಡಗುತ್ತವೆ. ಶುರುವಿನ ಟ್ಯೂನಿನ ಮೊದಲ ಸುತ್ತಿನ ಕೊನೆಯ ಎರಡು ಬಾರ್ ಗಮನವಿಟ್ಟು ಕೇಳಿ. ಮಾಮೂಲಿ ಬ್ಲೂಸ್ 'ಸ'ಗೆ ಮರಳುವ ಜಾಗದಲ್ಲಿ ಇದು ಕೋಮಲ ನಿಷಾದದ ಕಾರ್ಡಿಗೆ ಹೋಗುತ್ತೆ. ಪುಸ್ತಕ ನೋಡದೆ ಆ ತಿರುವನ್ನು ನಿಮ್ಮ ಕಿವಿಯೇ ಹಿಡಿದ ದಿನದ ಖುಷಿಯೇ ಬೇರೆ.

ಬರೆದಿಡೋದು ಕೊನೆಗೆ, ಅದೂ ಸರಿಗಮದಲ್ಲಿ ಬರೆದರೂ ನಡೆಯುತ್ತೆ.

ಮುಂದಿನದಕ್ಕೆ ಅದೇ ಆಲ್ಬಮ್‌ನ 'ಸೋ ವಾಟ್' ಇದೆ. ಬಿಳಿ ಎರಡನ್ನು 'ಸ' ಮಾಡಿಕೊಂಡರೆ ಅದರ ಸ್ವರಗಳು ನಮ್ಮ ಕಾಫಿ ಥಾಟಿನವೇ, ಎಲ್ಲಾ ಬಿಳಿ ಕೀ. ನಡುವೆ ಎಂಟು ಬಾರ್ ಮಾತ್ರ ಎಲ್ಲವೂ ಅರ್ಧ ಸ್ವರ ಮೇಲೇರುತ್ತೆ. ಅದಕ್ಕೂ ಮುಂಚೆ ಕೆಲ್ಲಿಯ ಆ ನಾಲ್ಕು ಬಾರನ್ನು ಬಿಳಿ ಒಂದರಿಂದ ನುಡಿಸಿ, ಆಮೇಲೆ ಬಿಳಿ ನಾಲ್ಕರಿಂದ. ಟ್ರಾನ್ಸ್‌ಪೋಸ್ ಬಟನ್ ಮುಟ್ಟದೆ.