ಬೇಸಿಗೆ ರಜೆಗೆ ಲೈಬ್ರರೀಲಿ ಪ್ರೋಗ್ರಾಂ: ನನ್ನ ಅನುಭವ

ಪಬ್ಲಿಕ್ ಲೈಬ್ರರೀಲಿ ಮಕ್ಕಳ ವಿಭಾಗ ನೋಡ್ಕೊಳ್ಳೋದು ನನ್ನ ಕೆಲಸ, ಬೇಸಿಗೆ ರಜೆ ಕಾರ್ಯಕ್ರಮಗಳೂ ಕೆಲವು ವರ್ಷಗಳಿಂದ ನನ್ನ ಜವಾಬ್ದಾರೀನೇ. ಹೊಸದಾಗಿ ಶುರು ಮಾಡೋರು ಬಂದು ಏನೇನು ಆಕ್ಟಿವಿಟಿ ಇಟ್ರೆ ಮಕ್ಕಳು ಜಾಸ್ತಿ ಬರ್ತಾರೆ ಅಂತ ಕೇಳ್ತಾರೆ. ನಾನು ಅವ್ರನ್ನ ಕೇಳೋದು ಬೇರೆ, ಪ್ರೋಗ್ರಾಂ ಮುಗಿಸಿ ಮಗು ಎದ್ದು ಹೊರಡುವಾಗ ಅದರ ಕೈಯಲ್ಲಿ ಏನಿರತ್ತೆ? ಪುಸ್ತಕ ಇಲ್ಲ ಅಂದ್ರೆ ಅದೇ ಕಾರ್ಯಕ್ರಮ ಯಾವ ಹಾಲ್‌ನಲ್ಲಿ ಬೇಕಾದ್ರೂ ಮಾಡಬಹುದಿತ್ತು, ಅದಕ್ಕೆ ಲೈಬ್ರರಿನೇ ಬೇಕಾಗಿರ್ಲಿಲ್ಲ.

ಇದು ಬರೀ ನನ್ನ ಹಟ ಅಲ್ಲ. ಬಾರ್ಬರಾ ಹೇನ್ಸ್ ಅನ್ನೋ ಸಮಾಜಶಾಸ್ತ್ರಜ್ಞೆ ಅಮೆರಿಕದ ಅಟ್ಲಾಂಟಾದ ಶಾಲಾ ಮಕ್ಕಳ ಬಗ್ಗೆ ಮಾಡಿದ ಅಧ್ಯಯನ 1978ರಲ್ಲಿ ಬಂತು. ರಜೇಲಿ ಮಕ್ಕಳು ಎಷ್ಟು ಪುಸ್ತಕ ಓದ್ತಾರೆ ಅನ್ನೋದಕ್ಕೂ ರಜೆ ಮುಗಿದ್ಮೇಲೆ ಅವ್ರ ಕಲಿಕೆ ಎಲ್ಲಿರತ್ತೆ ಅನ್ನೋದಕ್ಕೂ ನೇರ ಸಂಬಂಧ ಇದೆ ಅಂತ ಅದ್ರಲ್ಲಿ ಕಂಡಿತ್ತು, ರಜೇಲಿ ಮಕ್ಕಳ ಬೆಳವಣಿಗೆಗೆ ಪಬ್ಲಿಕ್ ಲೈಬ್ರರಿಯಷ್ಟು ನೆರವಾದ ಸಾರ್ವಜನಿಕ ಸಂಸ್ಥೆ ಇನ್ನೊಂದಿಲ್ಲ ಅನ್ನೋದೂ ಕಂಡಿತ್ತು. ಸ್ಕೂಲ್ ಬಾಗಿಲು ಮುಚ್ಚಿದ್ಮೇಲೆ ಮನೇಲಿ ಪುಸ್ತಕ ಇಲ್ಲದ ಮಗೂಗೆ ನಾವೇ ತಾನೆ ಉಳಿದಿರೋದು, ಆ ಮಗು ಬರೀ ಬಣ್ಣದ ಪೇಪರ್ ಕತ್ತರಿಸಿ ಮನೆಗೆ ಹೋದ್ರೆ ನಂಗೆ ಸಮಾಧಾನ ಆಗಲ್ಲ.

ಅದಕ್ಕೇ ನಾನು ಪ್ಲಾನಿಂಗ್ ಶುರು ಮಾಡೋದು ರ್‍ಯಾಕ್ ಮುಂದೆ ನಿಂತ್ಕೊಂಡು. ಪುಸ್ತಕಗಳನ್ನ ವಿಷಯದ ಪ್ರಕಾರ ಜೋಡಿಸೋಕೆ ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಮಾಡಿಕೊಟ್ಟ ನಂಬರ್‌ಗಳೇ ನನಗೆ ಕಾರ್ಯಕ್ರಮದ ಪಟ್ಟಿ. 398.2ರಲ್ಲಿ ಜನಪದ ಕಥೆ, 523ರಲ್ಲಿ ಗ್ರಹ ನಕ್ಷತ್ರ, 567.9ರಲ್ಲಿ ಡೈನೋಸಾರ್, 598ರಲ್ಲಿ ಹಕ್ಕಿ, 736ರಲ್ಲಿ ಓರಿಗಾಮಿ ಅಂದ್ರೆ ಕಾಗದ ಮಡಿಸಿ ಆಕಾರ ಮಾಡೋ ಕಲೆ, 793.8ರಲ್ಲಿ ಮ್ಯಾಜಿಕ್. ಯಾವ ವಿಷಯದ ಪುಸ್ತಕ ಚೆನ್ನಾಗಿದ್ದೂ ವರ್ಷವಿಡೀ ಇಶ್ಯೂ ಆಗ್ದೆ ಕೂತಿರತ್ತೋ ಅದಕ್ಕೊಂದು ಕಾರ್ಯಕ್ರಮ ಇಡ್ತೀನಿ. ಮೂವತ್ತು ಮಕ್ಕಳು ಬರ್ತಾರೆ ಅಂದ್ರೆ ಕಮ್ಮಿ ಅಂದ್ರೂ ಅರವತ್ತು ಪುಸ್ತಕ ಆ ರೂಮಲ್ಲೇ ಇರ್ಬೇಕು, ನಮ್ಮಲ್ಲಿ ಅಷ್ಟಿಲ್ದೆ ಇದ್ರೆ ಬೇರೆ ಶಾಖೆಗಳಿಂದ ಮೊದಲೇ ತರಿಸಿಟ್ಕೊಳ್ತೀನಿ, ಯಾಕಂದ್ರೆ ಕೊನೇಲಿ ಆರಿಸೋ ಮಗೂಗೂ ಆರಿಸೋಕೆ ಏನಾದ್ರೂ ಉಳೀಬೇಕಲ್ವಾ. ಪುಸ್ತಕಗಳನ್ನ ಬೆನ್ನು ಕಾಣೋ ಹಾಗೆ ಜೋಡಿಸಲ್ಲ, ಮುಖಪುಟ ಕಾಣೋ ಹಾಗೆ ಮೇಜಿನ ಮೇಲೆ, ಮಕ್ಕಳ ಎತ್ತರಕ್ಕೆ. ಇಶ್ಯೂ ಮಾಡೋಕೆ ಒಬ್ರು ಲ್ಯಾಪ್‌ಟಾಪು ಬಾರ್‌ಕೋಡ್ ಸ್ಕ್ಯಾನರ್ ಇಟ್ಕೊಂಡು ಅದೇ ರೂಮಿನ ಬಾಗಿಲ ಹತ್ರ ಕೂರ್ತಾರೆ. ಮೇನ್ ಕೌಂಟರ್‌ಗೆ ಹೋಗಿ ಅಂದ್ರೆ ಅರ್ಧ ಜನ ದಾರೀಲೇ ಮನೆಗೆ ಹೊರಟು ಹೋಗ್ತಾರೆ, ಎಷ್ಟೋ ಸಲ ನೋಡಿದೀನಿ. ಓದುಗರ ಸಮಯ ಉಳಿಸಿ ಅಂತ ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ ಅವ್ರು ಲೈಬ್ರರಿಗಳಿಗೆ ಅಂತ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೇದಿದೆ, ಅದು ನನಗೆ ಪೂರ್ತಿ ಅರ್ಥ ಆಗಿದ್ದು ಈ ಬಾಗಿಲ ಪಕ್ಕದ ಮೇಜಿನಿಂದ.

ಓರಿಗಾಮಿ ದಿನ ಹೇಗೆ ಮಾಡ್ತೀನಿ ಹೇಳ್ತೀನಿ ನೋಡಿ. ಎರಡು ಸುಲಭದ್ದು ಎಲ್ರಿಗೂ ಕೂತು ಕಲಿಸ್ತೀವಿ, ಮೂರನೇದು, ತುಂಬಾ ಚಂದದ್ದು, ಮಾಡಿದ್ದನ್ನ ತೋರಿಸ್ತೀವಿ ಅಷ್ಟೇ, ಹೇಗೆ ಮಡಿಸೋದು ಅಂತ ಹೇಳಲ್ಲ. ಅದು ಯಾವ ಪುಸ್ತಕದ ಎಷ್ಟನೇ ಪುಟದಲ್ಲಿದೆ ಅಂತ ಬೋರ್ಡ್ ಮೇಲೆ ಬರೆದಿಡ್ತೀವಿ. ಆಮೇಲೆ ನಾನೇನೂ ಹೇಳೋದೇ ಬೇಡ, ಮಕ್ಕಳು ಮೇಜಿನ ಹತ್ರ ಓಡ್ತಾರೆ. ಮ್ಯಾಜಿಕ್‌ಗೂ ಇದೇ. ಹೊರಗಿಂದ ಕಲಾವಿದರನ್ನ ಕರೆಸೋದಾದ್ರೆ ಫೋನಲ್ಲೇ ಹೇಳಿಬಿಡ್ತೀನಿ, ಕೊನೇ ಹತ್ತು ನಿಮಿಷ ಪುಸ್ತಕಗಳದ್ದು, ನೀವೇ ಎರಡು ಪುಸ್ತಕ ಕೈಯಲ್ಲಿ ಹಿಡಿದು ತೋರಿಸ್ಬೇಕು ಅಂತ. ಅವ್ರ ಮಾತಿಗೆ ಮಕ್ಕಳು ಕೊಡೋ ಬೆಲೆ ನನ್ನ ಮಾತಿಗೆ ಇರಲ್ಲ.

ಚಿಕ್ಕ ಮಕ್ಕಳ ಕಥೆ ಓದೋ ಗಂಟೆ ನನಗೆ ತುಂಬಾ ಇಷ್ಟದ ಕೆಲಸ. ಗಂಟೆ ಅಂತ ಹೆಸರೇ ಹೊರತು ಓದೋದು ಅರ್ಧ ಗಂಟೆ, ಅದಕ್ಕಿಂತ ಜಾಸ್ತಿ ನಾಲ್ಕು ವರ್ಷದ ಮಗು ಕೂರಲ್ಲ, ಕೂರಿಸ್ಲೂ ಬಾರ್ದು. ಪುಸ್ತಕನ ಭುಜದ ಪಕ್ಕ ಮಕ್ಕಳ ಕಡೆ ತೆರೆದು ಹಿಡ್ಕೊಂಡು ಓದೋದು ರೂಢಿ ಮಾಡ್ಕೊಳ್ಬೇಕು, ಕೈ ನೋಯತ್ತೆ, ಆದ್ರೆ ಓದಿ ಮುಗಿಸಿ ಆಮೇಲೆ ಚಿತ್ರ ತೋರಿಸ್ತೀನಿ ಅಂದ್ರೆ ಅಷ್ಟೊತ್ತಿಗೆ ಗಮನ ಎಲ್ಲೋ ಹೋಗಿರತ್ತೆ. ಇನ್ನೊಂದು, ಒಂದೇ ಉಸಿರಲ್ಲಿ ಓದಬೇಡಿ, ನಿಲ್ಲಿಸಿ ಕೇಳಿ, ಈಗ ಇವ್ನು ಏನ್ ಮಾಡ್ತಾನೆ, ನೀನಾಗಿದ್ರೆ ಏನ್ ಮಾಡ್ತಿದ್ದೆ ಅಂತ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತೆ ಅವ್ರ ಜೊತೆಗಾರರು 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೀಗೆ ಮಾತಾಡಿಸ್ತಾ ಓದಿ ಹೇಳಿದಾಗ ಪುಟ್ಟ ಮಕ್ಕಳ ಮಾತು ಒಂದೇ ತಿಂಗಳಲ್ಲಿ ಬೇರೆ ಮಕ್ಕಳಿಗಿಂತ ಮುಂದೆ ಹೋಗಿತ್ತು, ಓದ್ತಿದ್ದಿದ್ದು ಅವ್ರ ಅಪ್ಪ ಅಮ್ಮಂದಿರೇ. ಅದಕ್ಕೇ ದೊಡ್ಡೋರನ್ನ ಹಿಂದೆ ಕುರ್ಚಿ ಮೇಲೆ ಕೂರೋಕೆ ಬಿಡಲ್ಲ, ಮಗು ಪಕ್ಕದಲ್ಲೇ ನೆಲದ ಮೇಲೆ ಕೂರಿಸ್ಕೊಳ್ತೀನಿ, ಅವ್ರು ನೋಡಿ ಕಲಿತ್ರೆ ಮನೇಲೂ ಹಾಗೇ ಓದ್ತಾರೆ.

ರಜೇಲಿ ಎಷ್ಟು ಓದಿದ್ರು ಅಂತ ಮಕ್ಕಳು ಗುರುತು ಹಾಕೋ ಓದಿನ ಕಾರ್ಡ್ ವಿಷಯದಲ್ಲಿ ನಂದು ಸ್ವಲ್ಪ ಗಟ್ಟಿ ಅಭಿಪ್ರಾಯ. ಯಾರು ಜಾಸ್ತಿ ಪುಸ್ತಕ ಓದಿದ್ರು ಅಂತ ಮೊದಲ ಬಹುಮಾನ ಇಡಬಾರ್ದು, ಇಟ್ರೆ ಗೆಲ್ಲೋದು ಹೆಂಗೂ ಓದ್ತಿದ್ದ ಮಗುನೇ, ನಿಧಾನಕ್ಕೆ ಓದೋ ಮಗು ಮೊದಲ ವಾರವೇ ಕೈ ಬಿಡತ್ತೆ. ಬ್ರಿಟನ್‌ನ ಲೈಬ್ರರಿಗಳಲ್ಲಿ 1999ರಿಂದ ನಡೀತಿರೋ ಬೇಸಿಗೆ ಓದಿನ ಚಾಲೆಂಜ್ ಇದೆಯಲ್ಲ, ಅಲ್ಲಿ ಗುರಿ ಸಾಮಾನ್ಯವಾಗಿ ಆರೇ ಪುಸ್ತಕ, ಮಕ್ಕಳು ತಾವೇ ಆರಿಸ್ಕೊಂಡಿದ್ದು. ನಾನು ಇನ್ನೂ ಸ್ವಲ್ಪ ಸಡಿಲ ಮಾಡಿದೀನಿ, ಪುಸ್ತಕ ಎಣಿಸಲ್ಲ, ನಿಮಿಷ ಎಣಿಸ್ತೀವಿ, ಇಪ್ಪತ್ತು ನಿಮಿಷಕ್ಕೆ ಕಾರ್ಡಿನ ಒಂದು ಚೌಕಕ್ಕೆ ಬಣ್ಣ ತುಂಬೋದು. ಕಾಮಿಕ್ಸ್ ನಡೆಯತ್ತೆ, ಆಡಿಯೋ ಬುಕ್ ನಡೆಯತ್ತೆ, ಓದಿದ್ದೇ ಮತ್ತೆ ಓದಿದ್ರೂ ನಡೆಯತ್ತೆ. ಒಬ್ಬ ಹುಡುಗ ಬಂದು "ಮಿಸ್, ತಂಗಿಗೆ ಓದಿ ಹೇಳಿದ್ದು ಲೆಕ್ಕಕ್ಕೆ ಬರತ್ತಾ?" ಅಂದ. "ಬರತ್ತೆ ಕಣೋ, ನಿನ್ ಕಾರ್ಡಲ್ಲೂ ತುಂಬು, ಅವಳ ಕಾರ್ಡಲ್ಲೂ ತುಂಬು" ಅಂದೆ. ಮಾರನೇ ವಾರ ತಂಗಿನೂ ಕರ್ಕೊಂಡು ಬಂದಿದ್ದ.

ಹೈಸ್ಕೂಲ್ ಮಕ್ಕಳು ಬರಲ್ಲ ಅಂತ ಎಲ್ರೂ ಹೇಳ್ತಾರೆ. ಕೂತು ಕೇಳೋಕೆ ಅವ್ರು ಬರಲ್ಲ ನಿಜ, ಕೆಲಸ ಕೊಟ್ರೆ ಬರ್ತಾರೆ. ಸ್ಕ್ಯಾನರ್ ಹಿಡಿಯೋದು, ಚಿಕ್ಕವ್ರಿಗೆ ಮಡಿಸೋದು ತೋರಿಸೋದು, ತಮಗಿಷ್ಟದ ಪುಸ್ತಕಕ್ಕೆ ಎರಡು ಸಾಲಿನ ಚೀಟಿ ಬರೆದು ಅಂಟಿಸೋದು. ಚೀಟಿ ಇರೋ ಪುಸ್ತಕ ಬೇಗ ಹೋಗತ್ತೆ.

ಮೆಂಬರ್‌ಶಿಪ್ ಇಲ್ಲದ ಮಗುನ ಬರಿಗೈಲಿ ಕಳಿಸಬೇಡಿ, ಹೆಸರು ಫೋನ್ ನಂಬರ್ ಬರ್ಕೊಂಡು ಒಂದು ಪುಸ್ತಕ ಕೊಟ್ಬಿಡಿ, ದಾಖಲೆ ಮುಂದಿನ ವಾರ ತರ್ಲಿ, ಇದಕ್ಕೆ ಮೇಲಿನವ್ರ ಒಪ್ಪಿಗೆ ರಜೆ ಶುರುವಾಗೋ ಮೊದ್ಲೇ ತಗೊಂಡಿರಿ. ಒಂದಷ್ಟು ಪುಸ್ತಕ ವಾಪಸ್ ಬರಲ್ಲ, ಕೆಲವು ಹರಿದು ಬರತ್ತೆ, ಅದನ್ನ ಖರ್ಚಿನ ಲೆಕ್ಕದಲ್ಲಿ ಮೊದಲೇ ಹಿಡಿದಿಡ್ತೀನಿ. ಫೋಟೋ ತೆಗೆಯೋಕೆ ಮನೆಯವ್ರ ಅನುಮತಿ ಬರಹದಲ್ಲೇ ಇರ್ಲಿ.

ವರದಿ ಬರೆಯುವಾಗ ಹಾಜರಾತಿ ಪಕ್ಕದಲ್ಲೇ ಅವತ್ತು ಆ ರೂಮಿಂದ ಎಷ್ಟು ಪುಸ್ತಕ ಹೋಯ್ತು ಅಂತ ಬರೀತೀನಿ, ಮುಂದಿನ ವರ್ಷ ಯಾವುದು ಇಡ್ಬೇಕು ಯಾವುದು ಬಿಡ್ಬೇಕು ಅಂತ ತೀರ್ಮಾನ ಮಾಡೋದು ಈ ಎರಡನೇ ಸಂಖ್ಯೆ ನೋಡಿನೇ. ಕೊನೇ ವಾರ ದೊಡ್ಡ ಸಮಾರಂಭ ಇಡಲ್ಲ. ಆ ವಾರ ಇಶ್ಯೂ ಆಗೋ ಪುಸ್ತಕಗಳಿಗೆ ವಾಪಸ್ ತರೋ ತಾರೀಖನ್ನ ಸ್ಕೂಲ್ ಶುರುವಾಗಿ ಎರಡು ವಾರ ಆದ್ಮೇಲೆ ಬರೋ ಶನಿವಾರಕ್ಕೆ ಹಾಕ್ತೀವಿ, ಆ ಶನಿವಾರ ಬೆಳಿಗ್ಗೆ ಒಂದು ಕಥೆ ಓದೋದನ್ನೂ ಇಟ್ಟಿರ್ತೀವಿ, ಹಿಂದಿರುಗಿಸೋಕೆ ಬಂದವ್ರು ಕೂತು ಕೇಳಿ ಇನ್ನೊಂದು ತಗೊಂಡು ಹೋಗ್ತಾರೆ.