ಬೀದಿಯಲ್ಲಿ ನಿಲ್ಲುವ ಕಾರಿಗೆ ಕವರ್: ತಕರಾರಿಲ್ಲದೆ ಹೊದಿಸುವ ಬಗೆ

ಬೆಂಗಳೂರಿನ ಯಾವ ಬಡಾವಣೆಯ ಅಡ್ಡರಸ್ತೆಗೆ ಹೋದರೂ ಬೂದು ಬಣ್ಣದ ಕವರ್ ಹೊದ್ದ ಒಂದೆರಡು ಕಾರುಗಳು ಕಾಣುತ್ತವೆ. ಅವುಗಳಲ್ಲೊಂದರ ಮೇಲೆ ಹೊಂಗೆಯ ಎಲೆ ಕೊಳೆಯುತ್ತಿರುತ್ತದೆ, ಚಕ್ರದ ಗಾಳಿ ಇಳಿದಿರುತ್ತದೆ, ಅಡಿಯಲ್ಲಿ ನಾಯಿ ಮರಿ ಹಾಕಿರುತ್ತದೆ. ಮಾಲೀಕರು ಪಕ್ಕದ ಮನೆಯವರೋ ಅಮೆರಿಕದ ಮಗಳ ಮನೆಗೆ ಹೋದವರೋ ಬೀದಿಯಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಕಾರನ್ನು ಪೊಲೀಸರು ಎಳೆದೊಯ್ದ ಮೇಲೆ ಇಂಥವರೇ ‘ಕವರ್ ಹಾಕುವುದೂ ಅಪರಾಧವೇ?’ ಎಂದು ಸಿಡುಕುತ್ತಾರೆ.

ಅಪರಾಧವಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ನಿಂತ ಕಾರಿಗೆ ಕವರ್ ಹಾಕಬಾರದು ಎನ್ನುವ ಕಲಂ ಇಲ್ಲ. ಗಾಜಿನ ಕಪ್ಪು ಫಿಲ್ಮ್ ಬಗ್ಗೆ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದ್ದನ್ನು ತಂದು ಇದಕ್ಕೆ ಗಂಟು ಹಾಕುವವರಿದ್ದಾರೆ. ಆ ತೀರ್ಪು ಗಾಜಿನ ಪಾರದರ್ಶಕತೆಗೆ ಸಂಬಂಧಿಸಿದ್ದು, ಬಟ್ಟೆಯ ಹೊದಿಕೆಗಲ್ಲ. ತೊಡಕಿರುವುದು ಕವರ್ ಮುಚ್ಚಿಡುವ ವಸ್ತುಗಳಲ್ಲಿ. ನಂಬರ್ ಪ್ಲೇಟ್ ಕಾಣುವುದಿಲ್ಲ, ಹಿಂಬದಿಯ ಕೆಂಪು ರಿಫ್ಲೆಕ್ಟರ್ ಕಾಣುವುದಿಲ್ಲ, ಕಾರಿಗೆ ವಾರಸುದಾರರಿದ್ದಾರೆಯೇ ಎಂಬುದೂ ಗೊತ್ತಾಗುವುದಿಲ್ಲ. ಈ ಮೂರನ್ನೂ ಸರಿಪಡಿಸಿಕೊಳ್ಳಬಹುದು.

ಹಂತ 1: ಜಾಗ. ಪಾದಚಾರಿ ಮಾರ್ಗ, ಜೀಬ್ರಾ ಪಟ್ಟಿ, ಬಸ್ ನಿಲ್ದಾಣ, ಇನ್ನೊಬ್ಬರ ಗೇಟಿನ ಎದುರು ಕಾರು ನಿಲ್ಲಿಸುವಂತಿಲ್ಲ. ಕವರ್ ಇದ್ದರೂ ಇಲ್ಲದಿದ್ದರೂ ಅಷ್ಟೇ. ಸಮ–ಬೆಸ ದಿನಾಂಕದ ಪಾರ್ಕಿಂಗ್ ಫಲಕವಿರುವ ರಸ್ತೆಗಳಲ್ಲಂತೂ ಕವರ್ ಹಾಕಿ ಮರೆಯುವುದು ದಂಡಕ್ಕೆ ನೇರ ದಾರಿ, ಮರುದಿನ ನಿಮ್ಮ ಕಾರು ತಪ್ಪು ಬದಿಯಲ್ಲಿರುತ್ತದೆ. ಮನೆ ಮುಂದಿನ ರಸ್ತೆ ನಿಮ್ಮದಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾರು ಇಲ್ಲದಾಗ ಆ ಜಾಗಕ್ಕೆ ಹೂಕುಂಡ, ಕಲ್ಲು, ಮುರಿದ ಕುರ್ಚಿ ಇಟ್ಟು ಕಾಯ್ದಿರಿಸುವ ಹಕ್ಕು ಯಾರಿಗೂ ಇಲ್ಲ. ಕಂಬ ನೆಟ್ಟು ಟಾರ್ಪಾಲಿನ ಚಪ್ಪರ ಕಟ್ಟಿದರೆ ಅದು ಕವರ್ ಅಲ್ಲ, ರಸ್ತೆ ಒತ್ತುವರಿ.

ಹಂತ 2: ವಿಮೆ. ‘ಓಡದ ಕಾರಿಗೆ ವಿಮೆ ಏಕೆ?’ ಎಂದು ಉಳಿತಾಯ ಮಾಡಬೇಡಿ. ವಾಹನ ಚಲಿಸದೆ ನಿಂತಾಗಲೂ ಅದು ‘ಬಳಕೆ’ಯಲ್ಲಿರಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ, ಉರುಳಿಬಿದ್ದ ಪೆಟ್ರೋಲ್ ಟ್ಯಾಂಕರಿನ ಪ್ರಕರಣದಲ್ಲಿ ಹೇಳಿದೆ. ಥರ್ಡ್ ಪಾರ್ಟಿ ವಿಮೆಯಾದರೂ ಚಾಲ್ತಿಯಲ್ಲಿರಲಿ.

ಹಂತ 3: ಕವರ್ ಆಯ್ಕೆ. ಸಿಗ್ನಲ್‌ಗಳಲ್ಲಿ ಮಾರುವ ‘ಎಲ್ಲ ಕಾರಿಗೂ ಹೊಂದುತ್ತದೆ’ ಎನ್ನುವ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಕವರನ್ನು ಮುಟ್ಟಲೇಬೇಡಿ. ಅದು ಯಾವ ಕಾರಿಗೂ ಹೊಂದುವುದಿಲ್ಲ. ಸಡಿಲವಾಗಿ ಜೋತು, ಗಾಳಿಗೆ ಎದ್ದು, ಪಕ್ಕದಲ್ಲಿ ಹೋಗುವ ಸ್ಕೂಟರಿಗೆ ಸಿಕ್ಕಿಕೊಳ್ಳುತ್ತದೆ. ನಿಮ್ಮ ಮಾದರಿಯ ಅಳತೆಯದೇ ಆದ, ಒಳಗೆ ಮೆತ್ತನೆ ಬಟ್ಟೆಯಿರುವ, ಹೊಟ್ಟೆಯ ಅಡಿ ಬಕಲ್ ಪಟ್ಟಿಯಿರುವ ಕವರ್ ಕೊಳ್ಳಿ. ಅದರ ಹಗ್ಗವನ್ನು ವಿದ್ಯುತ್ ಕಂಬಕ್ಕೆ ಕಟ್ಟುವವರನ್ನು ನೋಡಿದ್ದೇನೆ. ಮಳೆಗಾಲದಲ್ಲಿ ಅದು ಜೀವ ತೆಗೆಯುವ ಬುದ್ಧಿವಂತಿಕೆ.

ಹಂತ 4: ನಂಬರ್ ಕಾಣುವ ಕಿಟಕಿ. ಬಹುತೇಕರು ಕೆಡಿಸುವುದು ಇಲ್ಲೇ. ಕೆಲವು ದುಬಾರಿ ಕವರುಗಳಲ್ಲಿ ಪ್ಲೇಟಿನ ಜಾಗಕ್ಕೆ ಪಾರದರ್ಶಕ ಕಿಟಕಿ ಇರುತ್ತದೆ. ಇಲ್ಲದಿದ್ದರೆ ಹೊಲಿಸಬೇಕು. ಕವರನ್ನು ನೆಲಕ್ಕೆ ಹಾಸಿ ಅಳತೆ ತೆಗೆದರೆ ಕಿಟಕಿ ಬಂಪರಿನ ಮೇಲೆ ಬಂದು ಕೂರುತ್ತದೆ. ಮೊದಲು ಕಾರಿಗೆ ಹೊದಿಸಿ ಬಕಲ್‌ಗಳನ್ನು ಬಿಗಿಯಿರಿ. ಅನಂತರ ಹೊರಗಿನಿಂದ ಬೆರಳಾಡಿಸಿ ಪ್ಲೇಟಿನ ನಾಲ್ಕು ಮೂಲೆ ಹುಡುಕಿ, ದರ್ಜಿಯ ಸೀಮೆಸುಣ್ಣದಿಂದ ಗುರುತು ಹಾಕಿ. ಕಾರಿನ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ) ಫಲಕ ಸಾಮಾನ್ಯವಾಗಿ 500 ಮಿ.ಮೀ. ಉದ್ದ, 120 ಮಿ.ಮೀ. ಅಗಲ ಇರುತ್ತದೆ, ಸುತ್ತಲೂ ಎರಡು ಬೆರಳಿನಷ್ಟು ಹೆಚ್ಚುವರಿ ಬಿಡಿ, ಏಕೆಂದರೆ ಪ್ರತಿದಿನ ಕವರ್ ಕೂದಲೆಳೆಯಷ್ಟೂ ಸರಿಯದೆ ಕೂರುವುದಿಲ್ಲ.

ಕಿಟಕಿಗೆ ತೆಳು ಪ್ಲಾಸ್ಟಿಕ್ ಬೇಡ, ಒಂದು ಬೇಸಿಗೆಗೇ ಹಳದಿಯಾಗಿ ಸಿಡಿಯುತ್ತದೆ. ಊಟದ ಮೇಜಿಗೆ ಹಾಸುವ ದಪ್ಪ ಪಾರದರ್ಶಕ ಹಾಳೆ ತನ್ನಿ. ಅದನ್ನು ಮಡಚಿ ಒಯ್ಯಬೇಡಿ, ಸುರುಳಿ ಸುತ್ತಿ. ಮಡಿಕೆಯ ಗೆರೆ ಬಿದ್ದರೆ ರಾತ್ರಿ ಟಾರ್ಚ್ ಬೆಳಕಿನಲ್ಲಿ ಅಕ್ಷರವೇ ಕಾಣುವುದಿಲ್ಲ. ಮನೆಯ ಹೊಲಿಗೆ ಯಂತ್ರ ಇಷ್ಟು ಪದರಗಳಿಗೆ ನಿಲ್ಲುವುದಿಲ್ಲ. ಕಾರಿನ ಸೀಟು ಹೊಲಿಯುವ ಅಂಗಡಿಗೆ ಹೋಗಿ, ಜೆ.ಸಿ. ರಸ್ತೆಯಲ್ಲಿ ಬೇಕಾದಷ್ಟಿವೆ. ಬಟ್ಟೆ ಮೊದಲೇ ಕತ್ತರಿಸಿ ಕೊಟ್ಟರೆ ತೂತು ಎಳೆದುಕೊಂಡು ಸೊಟ್ಟಗಾಗುತ್ತದೆ. ಹಾಳೆಯನ್ನು ಒಳಗಿನಿಂದ ಸುತ್ತ ಎರಡು ಸಾಲು ನೈಲಾನ್ ದಾರದಲ್ಲಿ ಹೊಲಿಸಿ, ಆಮೇಲೆ ಹೊರಗಿನ ಬಟ್ಟೆ ಕತ್ತರಿಸಿ ಅಂಚು ಮಡಿಸಲು ಹೇಳಿ. ‘ಅಂಟು ಹಾಕಿಕೊಡುತ್ತೇನೆ ಸರ್, ಗಟ್ಟಿಯಾಗಿರುತ್ತದೆ’ ಎನ್ನುವವರಿಗೆ ನಮಸ್ಕಾರ ಹೇಳಿ ಬನ್ನಿ. ಹಿಂಬದಿಗಷ್ಟೇ ಮಾಡಿಸಿ ಸುಮ್ಮನಾಗದೆ ಮುಂಬದಿಗೂ ಮಾಡಿಸಿ.

ಇಷ್ಟು ತಾಪತ್ರಯ ಬೇಡವೆನ್ನುವವರು ಕವರಿನ ಮೇಲೆ ಬಣ್ಣದಲ್ಲಿ ದೊಡ್ಡದಾಗಿ ನೋಂದಣಿ ಸಂಖ್ಯೆ ಬರೆಯಬಹುದು. ಅದು ಗುರುತು ಮಾತ್ರ, ನಂಬರ್ ಪ್ಲೇಟ್ ಅಲ್ಲ. ಆದರೂ ನಿಮ್ಮನ್ನು ಹುಡುಕಲು ಪೊಲೀಸರಿಗೆ ಸಾಕು. ಇನ್ನೊಂದು ಅಡ್ಡದಾರಿಯನ್ನಂತೂ ಹಿಡಿಯಬೇಡಿ: ಅಂಗಡಿಯಲ್ಲಿ ಎಚ್‌ಎಸ್‌ಆರ್‌ಪಿ ನಕಲು ಮಾಡಿಸಿ ಕವರಿಗೆ ಹೊಲಿಸುವುದು. ಕವರ್ ಕದ್ದವನ ಕೈಗೆ ನಿಮ್ಮ ನಂಬರೂ ಸಿಗುತ್ತದೆ.

ಹಂತ 5: ರಿಫ್ಲೆಕ್ಟರ್. ಹಿಂಬದಿಯ ಎರಡೂ ಮೂಲೆಗೆ ಕೆಂಪು ಪ್ರತಿಫಲನ ಪಟ್ಟಿ ಹೊಲಿಸಿ. ಬೀದಿ ದೀಪ ಕೆಟ್ಟ ರಾತ್ರಿ ಬೂದು ಕವರಿನ ಕಾರು ಬೈಕ್ ಸವಾರನಿಗೆ ಕಾಣುವುದು ಗುದ್ದಿದ ಮೇಲೆಯೇ.

ಹಂತ 6: ಹತ್ತು ಗಂಟೆ. ಕಾಯ್ದೆಯ 127ನೇ ಕಲಂ ಓದಿಕೊಳ್ಳಿ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಬಿಟ್ಟುಹೋದ ವಾಹನವನ್ನು ಎಳೆದೊಯ್ಯಲು ಇಲ್ಲವೇ ಚಕ್ರಕ್ಕೆ ಬೀಗ ಹಾಕಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮತಿ ನೀಡಬಹುದು. ಎಳೆದ ಖರ್ಚು ಮಾಲೀಕರದು, ದಂಡ ಬೇರೆ. ಲೆಕ್ಕ ಹಾಕಿದರೆ ರಾತ್ರಿ ಎಂಟಕ್ಕೆ ನಿಂತು ಬೆಳಿಗ್ಗೆ ಏಳಕ್ಕೆ ಹೊರಡುವ ಕಾರೂ ಈ ಮಿತಿ ದಾಟುತ್ತದೆ. ಕಲಂ ಹೇಳುವುದು ‘ಬಹುದು’ ಎಂದಷ್ಟೇ. ಹಾಗಾಗಿ ಕಣ್ಣಿಗೆ ಬೀಳುವುದು ಅನಾಥವಾಗಿ ಕಾಣುವ ಕಾರು. ವಾರಕ್ಕೊಮ್ಮೆಯಾದರೂ ಕವರ್ ತೆಗೆದು, ಕೊಡವಿ, ಕಾರನ್ನು ಒಂದು ಸುತ್ತು ಓಡಿಸಿ. ತಿಂಗಳುಗಟ್ಟಲೆ ಹೊರಗೆ ಹೋಗುವವರು ಬಾಡಿಗೆಗೆ ಯಾರದಾದರೂ ಕಾಂಪೌಂಡಿನಲ್ಲಿ ನಿಲ್ಲಿಸಿ. ಅದೂ ಆಗದಿದ್ದರೆ ಪಕ್ಕದ ಮನೆಯವರಿಗೆ ಕೀಲಿ, ಫೋನ್ ಸಂಖ್ಯೆ ಎರಡನ್ನೂ ಕೊಟ್ಟು ಹೋಗಿ.

ಕವರೇ ಕಳುವಾದರೆ? ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಡಿ ಅದೂ ಕಳ್ಳತನವೇ. ಮಾಲಿನ ಬೆಲೆ ಐದು ಸಾವಿರಕ್ಕಿಂತ ಕಡಿಮೆಯಿದ್ದು, ಮೊದಲ ಬಾರಿ ಶಿಕ್ಷೆಗೊಳಗಾದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ದೂರು ಕೊಡುವಾಗ ಕವರಿನ ಬಿಲ್ ಕೈಯಲ್ಲಿರಲಿ.