23 ಕೆರೆ ನಕ್ಷೆ ಮಾಡಕ್ಕೆ ಹೋಗಿ ನಾನು ಕಲ್ತಿದ್ದು (ನನ್ನ ಅನುಭವ)

ನಾನು ಡಿಪ್ಲೊಮಾ ಸಿವಿಲ್. ಬೆಂಗಳೂರಲ್ಲಿ ಸೈಟ್ ಕೆಲಸ, ಟೋಟಲ್ ಸ್ಟೇಷನ್ (ಸರ್ವೆ ಯಂತ್ರ) ಹಿಡಿಯೋದು, ಸಂಜೆ ಆಟೋಕ್ಯಾಡಲ್ಲಿ ಗೆರೆ ಎಳೆಯೋದು, ಇಷ್ಟೇ ಗೊತ್ತಿದ್ದಿದ್ದು, ಜಿಐಎಸ್ (ಕಂಪ್ಯೂಟರಲ್ಲಿ ನಕ್ಷೆಗೆ ಮಾಹಿತಿ ಜೋಡಿಸೋದು) ಅಂದ್ರೆ ದೊಡ್ಡ ದೊಡ್ಡ ಆಫೀಸಲ್ಲಿ ಮಾಡೋ ಕೆಲಸ ಅನ್ಕೊಂಡಿದ್ದೆ. ಊರು ಮಾಲೂರಿಗೂ ಕೋಲಾರಕ್ಕೂ ಮಧ್ಯೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧಿ ಮಾಡಿ ನಮ್ಮ ಜಿಲ್ಲೆ ಕೆರೆಗಳಿಗೆ ಬಿಡೋದು, ಶುರುವಾದ್ಮೇಲೆ ಊರಿಗೆ ಹೋದಾಗೆಲ್ಲಾ ಒಂದೇ ಮಾತು. ಮೇಲಿನ ಕೆರೆ ಕೋಡಿ ಬಿತ್ತಂತೆ, ಮುಂದಿಂದು ಯಾವ್ದು, ನಮ್ದಕ್ಕೆ ಯಾವಾಗ? ಒಬ್ಬೊಬ್ಬರು ಒಂದೊಂದು ದಾರಿ ಹೇಳೋರು. ಸರಿ, ನಾನೇ ಒಂದು ನಕ್ಷೆ ಮಾಡಿ ಎಲ್ರಿಗೂ ಕಳಿಸ್ಬಿಡ್ತೀನಿ, ಜಗಳ ಮುಗಿಯತ್ತೆ ಅಂತ ಕೂತೆ. ಎರಡು ಭಾನುವಾರದ ಕೆಲಸ ಅನ್ಕೊಂಡಿದ್ದು ಎಂಟು ತಿಂಗಳು ತಗೊಳ್ತು.

ಸಾಫ್ಟ್‌ವೇರು ಕ್ಯೂಜಿಐಎಸ್, ದುಡ್ಡು ಕೊಡಂಗಿಲ್ಲ, ನನ್ನ ಹಳೇ ಲ್ಯಾಪ್‌ಟಾಪಲ್ಲೂ ಓಡ್ತು. ಮೊದ್ಲು ಬೈಕ್ ತಗೊಂಡು ಕೆರೆ ಕೆರೆಗೂ ಹೋಗಿ ಏರಿಯ ಎರಡು ತುದಿ, ತೂಬು, ಕೋಡಿ, ಇಷ್ಟರ ಮೇಲೆ ನಿಂತು ಫೋನಲ್ಲಿ ಜಿಪಿಎಸ್ ನೋಡಿ ಬರ್ಕೊಂಡೆ. ಬಯಲಲ್ಲಿ ನಾಲ್ಕೈದು ಮೀಟರ್ ಆಚೀಚೆ ಬರತ್ತೆ, ಹುಣಿಸೆ ಮರದ ಕೆಳಗೆ ನಿಂತ್ರೆ ಅದೂ ಇಲ್ಲ. ಎಲ್ಲಾ ಎಕ್ಸೆಲಲ್ಲಿ ಹಾಕಿ ಸಿಎಸ್‌ವಿ ಮಾಡಿ ಸಾಫ್ಟ್‌ವೇರಿಗೆ ಎಳೆದೆ. ಪರದೆ ಮೇಲೆ ಕೋಲಾರ ಖಾಲಿ, ಒಂದು ಚುಕ್ಕಿನೂ ಇಲ್ಲ. ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ ಜೂಮ್ ಕೊಟ್ರೆ ನಕ್ಷೆ ಸೊಯ್ ಅಂತ ಮೇಲಕ್ಕೆ ಹಾರಿ ನಾರ್ವೆ ದಾಟಿ ಸ್ವಾಲ್ಬಾರ್ಡ್ ದ್ವೀಪದ ಪಕ್ಕ ಹಿಮದ ಸಮುದ್ರದಲ್ಲಿ ನಿಂತ್ಕೊಳ್ತು. ಆಗಿದ್ದೇನಂದ್ರೆ ನಮ್ಮ ಕಡೆ ಅಕ್ಷಾಂಶ 13, ರೇಖಾಂಶ 78. ಎಕ್ಸ್ ಅಂತ ಕೇಳಿದ ಕಡೆ ರೇಖಾಂಶ ಕೊಡ್ಬೇಕು, ನಾನು ಬಾಯಲ್ಲಿ ಹೇಳೋ ಅಭ್ಯಾಸದಂಗೆ ಅಕ್ಷಾಂಶ ಮೊದ್ಲು ಕೊಟ್ಟಿದ್ದೆ. ಉಲ್ಟಾ ಮಾಡಿದ್ರೆ 78 ಡಿಗ್ರಿ ಉತ್ತರ, ಅಂದ್ರೆ ಹಿಮಕರಡಿ ಇರೋ ಜಾಗ.

ಅದನ್ನ ಸರಿ ಮಾಡ್ಕೊಂಡೆ. ಆಮೇಲೆ ಒಬ್ಬ ಗೆಳೆಯ ಕೋಲಾರ ಕಡೆಯ ಕಾಲುವೆಗಳ ಫೈಲ್ ಕಳಿಸ್ದ, ತೆಗೆದ್ರೆ ಅವೆಲ್ಲಾ ಅರಬ್ಬೀ ಸಮುದ್ರದಲ್ಲಿ! ಇದು ಸ್ವಲ್ಪ ತಲೆ ತಿಂತು. ಭೂಮಿನ ಆರಾರು ಡಿಗ್ರಿ ಪಟ್ಟಿ ಮಾಡಿ ಮೀಟರ್ ಲೆಕ್ಕದಲ್ಲಿ ಅಳೆಯೋ ಪದ್ಧತಿ ಇದೆ, ಯುಟಿಎಂ ಅಂತ. ಬೆಂಗಳೂರು, ಮಾಲೂರು 43ನೇ ಪಟ್ಟಿಗೆ ಬರತ್ತೆ, ಕೋಲಾರ ಊರು 44ಕ್ಕೆ, ಯಾಕಂದ್ರೆ ಪಟ್ಟಿ ಬದಲಾಗೋ 78 ಡಿಗ್ರಿ ಗೆರೆ ಸರಿಯಾಗಿ ಈ ಎರಡೂರ ಮಧ್ಯೆ, ನಮ್ಮ ಕೆರೆ ಸಾಲನ್ನೇ ಸೀಳ್ಕೊಂಡು ಹೋಗತ್ತೆ. ಅವನ ಫೈಲು 44, ನಾನು ಯೋಚನೆ ಮಾಡದೇ 43 ಅಂತ ಹೇಳ್ಬಿಟ್ಟಿದ್ದೆ, ಆರು ಡಿಗ್ರಿ ಪಡುವಣಕ್ಕೆ ಜಾರಿ, ಅಂದ್ರೆ 650 ಕಿಲೋಮೀಟರ್ ಹತ್ರ, ಲಕ್ಷದ್ವೀಪದ ಮೇಲ್ಗಡೆ ಸಮುದ್ರಕ್ಕೆ ಬಿತ್ತು. ಇಲ್ಲಿ ಹೊಸಬರು ಎಲ್ರೂ ಮುಗ್ಗರಿಸೋದು ಒಂದೇ ಕಡೆ. ಫೈಲು ಯಾವ ಪದ್ಧತಿಯಲ್ಲಿದೆ ಅಂತ ಹೇಳೋದು ಬೇರೆ, ಅದನ್ನ ಇನ್ನೊಂದು ಪದ್ಧತಿಗೆ ಬದಲಾಯಿಸೋದು ಬೇರೆ. ಸೆಟ್ ಸಿಆರ್‌ಎಸ್ (ಈ ಅಳತೆ ಪದ್ಧತಿಗೇ ಸಿಆರ್‌ಎಸ್ ಅನ್ನೋದು) ಅಂದ್ರೆ ಬರೀ ಹಣೆಪಟ್ಟಿ ಅಂಟಿಸಿದಂಗೆ, ಅಂಕಿ ಬದಲಾಗಲ್ಲ. ಬದಲಾಯಿಸ್ಬೇಕು ಅಂದ್ರೆ ರೀಪ್ರೊಜೆಕ್ಟ್. ಕೊನೆಗೆ ನಾನು ಎಲ್ಲಾನೂ ಅಕ್ಷಾಂಶ ರೇಖಾಂಶನ ಡಿಗ್ರಿಯಲ್ಲೇ ಬರೆಯೋ ಡಬ್ಲ್ಯೂಜಿಎಸ್ 84 ಪದ್ಧತಿಗೆ (ಸಾಫ್ಟ್‌ವೇರಲ್ಲಿ ಅದರ ನಂಬರು ಇಪಿಎಸ್‌ಜಿ 4326) ತಂದು ಇಟ್ಕೊಂಡೆ.

ಅದಕ್ಕೂ ಒಂದು ಮುಳ್ಳು. ಉಪಗ್ರಹ ಚಿತ್ರದ ಮೇಲೆ ಕೆರೆ ಅಂಗಳ ಸುತ್ತಿ, area($geometry) ಅಂತ ಬರೆದು ವಿಸ್ತೀರ್ಣ ಕೇಳಿದ್ರೆ 0.00002 ಅಂತ ಬಂತು. ಡಿಗ್ರಿಯಲ್ಲಿ ಬರೆದ ನಕ್ಷೆಗೆ ಉತ್ತರನೂ ಚದರ ಡಿಗ್ರಿಯಲ್ಲೇ! ಡಾಲರ್ ಚಿಹ್ನೆ ಮುಂದಿಟ್ಟು $area ಅಂತ ಬರೆದ್ರೆ ಭೂಮಿ ದುಂಡಗಿರೋದನ್ನ ಲೆಕ್ಕಕ್ಕೆ ತಗೊಂಡು ಚದರ ಮೀಟರಲ್ಲಿ ಕೊಡತ್ತೆ. ಅದನ್ನ 4046.86ರಿಂದ ಭಾಗಿಸಿದ್ರೆ ಎಕರೆ, ಚುಕ್ಕಿ ಆದ್ಮೇಲೆ ಉಳಿದಿದ್ದನ್ನ 40ರಿಂದ ಗುಣಿಸಿದ್ರೆ ಗುಂಟೆ. 61.75 ಎಕರೆ ಅಂತ ಬರೆದು ತೋರಿಸಿದ್ರೆ ಊರಲ್ಲಿ ಯಾರೂ ತಿರುಗಿ ನೋಡಲ್ಲ, 61 ಎಕರೆ 30 ಗುಂಟೆ ಅಂತ ಬರೆದ್ರೆ ತಕ್ಷಣ ಪಹಣಿ ನೆನಪಿಗೆ ಬರತ್ತೆ, ವಾದಕ್ಕೆ ನಿಂತ್ಕೋತಾರೆ.

ಹೆಸರಿನ ಕಷ್ಟ ಬೇರೆ. ಒಂದು ಆಫೀಸಿಂದ ಸಿಕ್ಕ ಕೆರೆ ಪಟ್ಟಿ ಯೂನಿಕೋಡ್ ಬರೋಕೆ ಮುಂಚಿನ ಹಳೇ ಕನ್ನಡ ಫಾಂಟಲ್ಲಿತ್ತು, ನನ್ನ ಕಡೆ ತೆಗೆದ್ರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ, ಮಂತ್ರ ಬರೆದಂಗೆ. ಕನ್ವರ್ಟ್ ಮಾಡ್ಕೊಂಡೆ, ಒತ್ತಕ್ಷರ ಒಂದೊಂದೇ ಕೈಯಲ್ಲಿ ತಿದ್ದಿದೆ. ಶೇಪ್‌ಫೈಲ್ ಅನ್ನೋ ಹಳೇ ನಕ್ಷೆ ಫಾರ್ಮ್ಯಾಟಲ್ಲಿ ಸೇವ್ ಮಾಡಿದ್ರೆ ಕಾಲಂ ಹೆಸರು ತುಂಡಾಗ್ತಿತ್ತು. ಆ ಫಾರ್ಮ್ಯಾಟಲ್ಲಿ ಕಾಲಂ ಹೆಸರಿಗೆ 10 ಬೈಟ್ ಅಷ್ಟೇ ಜಾಗ, ಕನ್ನಡದ ಒಂದೊಂದು ಅಕ್ಷರ, ಒಂದೊಂದು ಕೊಂಬು ಎತ್ವಕ್ಕೂ ಮೂರು ಮೂರು ಬೈಟು, ಲೆಕ್ಕ ಹಾಕಿ ನೋಡಿ, "ಕೆರೆ" ಅನ್ನೋ ಎರಡಕ್ಷರಕ್ಕೇ 12 ಬೇಕು! ಜಿಯೋಪ್ಯಾಕೇಜ್ ಅನ್ನೋ ಹೊಸ ಫಾರ್ಮ್ಯಾಟಿಗೆ ಬದಲಾಯಿಸಿದ ದಿನ ಈ ತಲೆನೋವು ಮುಗೀತು, ಹತ್ತು ಫೈಲಿನ ಜಾಗದಲ್ಲಿ ಒಂದೇ ಫೈಲು. ಈಗಲೂ ಶೇಪ್‌ಫೈಲ್ ಕಳಿಸಿ ಅನ್ನೋರನ್ನ ಕಂಡ್ರೆ ನನಗೆ ಸಿಟ್ಟು ಬರತ್ತೆ.

ಇನ್ನು ನೀರಿನ ದಾರಿ. ಇದರಲ್ಲಿ ನನಗೆ ಜಂಬ ಇತ್ತು. ಅಮೆರಿಕದವರು 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎತ್ತರದ ಡೇಟಾ, ಎಸ್‌ಆರ್‌ಟಿಎಂ, ಪುಕ್ಕಟೆ ಸಿಗತ್ತೆ. ಅದನ್ನ ಹಾಕಿ, ಗುಂಡಿ ತುಂಬಿಸೋ ಟೂಲ್ ಓಡಿಸಿ, ಯಾವ ಕಡೆ ಎಷ್ಟು ನೀರು ಕೂಡತ್ತೆ ಅಂತ ಲೆಕ್ಕ ತೆಗೆದ್ರೆ ನೀಲಿ ಗೆರೆಗಳು ಮರದ ಬೇರಿನಂಗೆ ಮೂಡಿದ್ವು. ಎಷ್ಟು ಚೆನ್ನಾಗಿತ್ತು ಅಂದ್ರೆ ಎ3ಯಲ್ಲಿ ಕಲರ್ ಪ್ರಿಂಟ್ ಹಾಕಿಸ್ಕೊಂಡು ಊರಿಗೆ ಹೋದೆ.

ನಮ್ಮೂರ ನೀರುಗಂಟಿ ತಾತನಿಗೆ ಎಂಬತ್ತು ದಾಟಿದೆ. ಅವರ ಅಪ್ಪನೂ ನೀರುಗಂಟಿನೇ, ತೂಬು ಎತ್ತಿ ಯಾವ ಗದ್ದೆಗೆ ಎಷ್ಟೊತ್ತು ನೀರು ಅಂತ ನೋಡ್ಕೊಳ್ಳೋ ಕೆಲಸ. ಜಗುಲಿ ಮೇಲೆ ನಕ್ಷೆ ಹಾಸಿದೆ. ತಾತ ಮೊದ್ಲು ಹಾಳೆನ ತಿರುಗಿಸ್ಕೊಂಡ್ರು, ಉತ್ತರ ಮೇಲಿದ್ರೆ ಅವರಿಗೆ ಅರ್ಥ ಆಗ್ಲಿಲ್ಲ, ಏರಿ ಮೇಲೆ ನಿಂತು ಕೆರೆ ಕಡೆ ನೋಡಿದ್ರೆ ಹೆಂಗೆ ಕಾಣತ್ತೋ ಹಂಗೆ ಇಟ್ಕೊಂಡ್ರು. ಆಮೇಲೆ ನೀಲಿ ಗೆರೆ ಮೇಲೆ ಬೆರಳಿಟ್ಟು,

"ಇದೇನಪ್ಪ ಇದು?"

"ನೀರು ಹೋಗೋ ದಾರಿ ತಾತ."

"ನೀರು ಏರಿ ತೂರ್ಕೊಂಡು ಹೋಗತ್ತಾ?"

ನೋಡಿದ್ರೆ ಹೌದು. ನನ್ನ ಗೆರೆ ಎಲ್ಲಾ ಕೆರೆಯಲ್ಲೂ ಏರಿ ಮಧ್ಯಕ್ಕೇ ನುಗ್ಗಿ ಆ ಕಡೆ ಹೋಗಿದೆ. ಆ ಡೇಟಾದಲ್ಲಿ ಒಂದೊಂದು ಚೌಕ 30 ಮೀಟರ್, ನಮ್ಮ ಏರಿ ತಲೆ ಅಗಲ ಮೂರ್ನಾಲ್ಕು ಮೀಟರ್, ಸುತ್ತಲಿನ ತಗ್ಗಿನ ಜೊತೆ ಸರಾಸರಿಯಲ್ಲಿ ಏರಿ ಕರಗಿ ಹೋಗಿರತ್ತೆ. ಕಂಪ್ಯೂಟರು ಕೆರೆ ಕಟ್ಟೋಕೆ ಮುಂಚಿನ ಹಳ್ಳನ ಹುಡ್ಕಿ ಕೊಟ್ಟಿತ್ತು. ಕಟ್ಟಿದೋರು ಕೋಡಿನ ಮಧ್ಯದಲ್ಲಿ ಇಡ್ತಾರಾ, ಏರಿಯ ಒಂದು ತುದಿಗೆ ಗಟ್ಟಿ ನೆಲ ನೋಡಿ ಇಟ್ಟಿರ್ತಾರೆ, ಅಲ್ಲಿಂದ ಬಿದ್ದ ನೀರು ಎಷ್ಟೋ ಸಲ ಬೇರೆ ಹಳ್ಳಕ್ಕೇ ಇಳಿಯತ್ತೆ. ನಮ್ಮ ಏಳನೇ ಕೆರೆಯಲ್ಲಿ ಹಂಗೇ ಆಗಿತ್ತು. ನನ್ನ ನಕ್ಷೆ ಪ್ರಕಾರ ಅದರ ನೀರು ನಮ್ಮೂರಿಗೆ. ತಾತ ಹೇಳಿದ ಪ್ರಕಾರ ತೂಬಿನ ನೀರು ಮಾತ್ರ ನಮ್ಮ ಕಡೆ, ಕೋಡಿ ನೀರೆಲ್ಲಾ ಬಂಡೆ ಬಳಸಿ ಪಕ್ಕದೂರಿಗೆ. ಮಾರನೇ ದಿನ ಅವರನ್ನ ಬೈಕ್ ಹಿಂದೆ ಕೂರಿಸ್ಕೊಂಡು ಹೋಗಿ ನೋಡ್ದೆ. ಕೋಡಿ ಕಲ್ಲಿನ ಮೇಲೆ ಪಾಚಿ ಒಣಗಿದ ಗುರುತು, ಕೆಳಗೆ ಕಾಲುವೆ ಬಲಕ್ಕೆ ತಿರುಗಿದೆ. ಅವರದ್ದೇ ಸರಿ.

ಅವತ್ತು ನೀಲಿ ಬೇರು ಪೂರ್ತಿ ಡಿಲೀಟ್ ಮಾಡಿ, 23 ಕೆರೆ ಕೋಡಿ ಕಾಲುವೆನೂ ನಡೆದು ಕೈಯಲ್ಲೇ ಎಳೆದೆ. ತೂಬಿನ ಕಾಲುವೆ ತೆಳು ಗೆರೆ, ಕೋಡಿ ಕಾಲುವೆ ದಪ್ಪ ಗೆರೆ, ಬಾಣದ ಗುರುತು. ಎಂಟು ತಿಂಗಳು ಹಿಡಿದಿದ್ದು ಇದಕ್ಕೇ.

ಒಂದು ತಪ್ಪು ಮಾತ್ರ ಹೇಳ್ಕೊಳ್ಳಕ್ಕೆ ನಾಚಿಕೆ. ಹಳೇ ಗ್ರಾಮ ನಕ್ಷೆ ಸ್ಕ್ಯಾನ್ ಮಾಡಿ, ಗಡಿಕಲ್ಲುಗಳನ್ನ ಹಿಡಿದು ಜಿಯೋರೆಫರೆನ್ಸ್ ಮಾಡಿ, ಅಂದ್ರೆ ನೆಲದ ಮೇಲಿನ ಸರಿಯಾದ ಜಾಗಕ್ಕೆ ಕೂರಿಸಿ, ಕೆರೆ ಗಡಿ ಒಳಗೆ ಬಂದಿರೋ ಹೊಲನೆಲ್ಲಾ ಕೆಂಪು ಬಳಿದು "ಒತ್ತುವರಿ" ಅಂತ ಬರೆದು ಊರ ವಾಟ್ಸಾಪ್ ಗ್ರೂಪಿಗೆ ಹಾಕ್ಬಿಟ್ಟೆ. ಹತ್ತು ನಿಮಿಷಕ್ಕೆ ದೊಡ್ಡಪ್ಪನ ಫೋನು, ಅವರ ಹೊಲದ ಅಂಚೂ ಕೆಂಪಲ್ಲಿತ್ತು. ಆಮೇಲೆ ಲೆಕ್ಕ ಹಾಕ್ದೆ, ಆ ನಕ್ಷೆ ಮೈಲಿಗೆ ಎಂಟು ಇಂಚು, ಅಂದ್ರೆ 1:7920, ಹಾಳೆ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಹತ್ರ ಹತ್ರ 8 ಮೀಟರ್. ಮಸಿ ಗೆರೆ ದಪ್ಪನೇ ನಾಲ್ಕು ಮೀಟರ್ ಆಗತ್ತೆ, ಹಾಳೆ ಮಡಚಿ ಹಿಗ್ಗಿರೋದು ಬೇರೆ. ಇದನ್ನ ಇಟ್ಕೊಂಡು ಐದು ಮೀಟರ್ ಒತ್ತುವರಿ ಅಂತ ಹೇಳೋದು ಬರೀ ಬಾಯಿಚಪಲ. ಅದು ಸರ್ವೆಯರ್ ಬಂದು ಅಳೆದು ಹೇಳ್ಬೇಕಾದ್ದು. ಕೆಂಪು ತೆಗೆದೆ, ಸರ್ವೆ ನಂಬರೂ ತೆಗೆದೆ. ದೊಡ್ಡಪ್ಪ ಯುಗಾದಿವರೆಗೂ ಮಾತಾಡ್ಲಿಲ್ಲ.

ಹಂಚೋದಕ್ಕೆ ಏನೇನೋ ಮಾಡಿ ನೋಡಿದೆ. ಚಿತ್ರ ಕಳಿಸಿದ್ರೆ ವಾಟ್ಸಾಪಲ್ಲಿ ಅದು ಕುಗ್ಗಿ ಹೆಸರು ಓದೋಕಾಗಲ್ಲ, ಡಾಕ್ಯುಮೆಂಟ್ ಅಂತ ಪಿಡಿಎಫ್ ಕಳಿಸ್ಬೇಕು. ಯುಮ್ಯಾಪ್ ಅನ್ನೋ ಆನ್‌ಲೈನ್ ನಕ್ಷೆ ಸೈಟಲ್ಲಿ ಹಾಕಿ ಯಾರು ಬೇಕಾದ್ರೂ ತಿದ್ದಿ ಅಂತ ಲಿಂಕ್ ಕೊಟ್ಟೆ, ಯಾರದೋ ಬೆರಳು ತಾಗಿ ಒಂದು ಕೆರೆ ಹೈವೇ ಮೇಲೆ ಹೋಗಿ ಕೂತಿತ್ತು. ಈಗ ಕ್ಯೂಜಿಐಎಸ್‌ನ ಕ್ಯೂಜಿಐಎಸ್‌ಟುವೆಬ್ ಪ್ಲಗಿನ್ ಇಂದ ವೆಬ್ ನಕ್ಷೆ ಮಾಡಿ ಗಿಟ್‌ಹಬ್ ಅನ್ನೋ ಸೈಟಲ್ಲಿ ಇಟ್ಟಿದ್ದೀನಿ, ಖರ್ಚಿಲ್ಲ. ಮೊದಲ ಸಲ ಭಾರ ಜಾಸ್ತಿಯಾಗಿ ಕಡಿಮೆ ನೆಟ್ ಇರೋ ಫೋನಲ್ಲಿ ತೆಗೀತಾನೇ ಇರ್ಲಿಲ್ಲ, ಗೆರೆಗಳನ್ನ ಸಿಂಪ್ಲಿಫೈ ಮಾಡಿ ಬಿಂದು ಕಡಿಮೆ ಮಾಡಿದ್ಮೇಲೆ ಹಗುರ ಆಯ್ತು. ಕೆರೆ ಮುಟ್ಟಿದ್ರೆ ಹೆಸರು, ಎಕರೆ ಗುಂಟೆ, ಕೋಡಿ ನೀರು ಯಾವ ಕೆರೆಗೆ, ಈ ಮೂರು ಅಷ್ಟೇ ತೋರಿಸತ್ತೆ. ಮೊದ್ಲು ಹದಿನಾಲ್ಕು ಮಾಹಿತಿ ತುಂಬಿದ್ದೆ, ಒಬ್ರೂ ಓದ್ಲಿಲ್ಲ. ಜನ ತೆಗೆದ ತಕ್ಷಣ ತಮ್ಮೂರ ಕೆರೆ ಹುಡುಕ್ತಾರೆ, ಅದರಲ್ಲಿ ತಪ್ಪು ಹುಡುಕ್ತಾರೆ, ಫೋನ್ ಮಾಡ್ತಾರೆ. ಮೊದಲ ತಿಂಗಳಲ್ಲೇ ಆರು ಹೆಸರು, ಎರಡು ಕೋಡಿ ಸರಿ ಆಯ್ತು, ಅದನ್ನ ನಾನು ಎಷ್ಟು ವರ್ಷ ತಿರುಗಿದ್ರೂ ಹಿಡೀತಿರ್ಲಿಲ್ಲ.

ಈಗ ಕೆರೆ 24. ಹನ್ನೊಂದನೇ ಮತ್ತು ಹನ್ನೆರಡನೇ ಕೆರೆ ಮಧ್ಯೆ ಒಂದು ಕುಂಟೆ ಇತ್ತು, ಹುಡುಗನಾಗಿದ್ದಾಗ ಅಲ್ಲಿ ಎಮ್ಮೆ ಮೈ ತೊಳೀತಿದ್ದೆ ಅಂತ ತಾತ ಹೇಳಿದ್ರು, ಉಪಗ್ರಹ ಚಿತ್ರದಲ್ಲಿ ನೋಡಿದ್ರೆ ನೀಲಗಿರಿ ತೋಪು. ತಾತ ನಿಂತು ತೋರಿಸಿದಷ್ಟನ್ನ ಚುಕ್ಕಿ ಗೆರೆಯಲ್ಲಿ ಹಾಕಿದ್ದೀನಿ. ಅದಕ್ಕೆ ನಮ್ಮೂರೋರು ಒಂದು ಹೆಸರು ಹೇಳ್ತಾರೆ, ಪಕ್ಕದೂರೋರು ಇನ್ನೊಂದು. ಎರಡೂ ಹಾಕಿದೆ. ಲೇಬಲ್ ಒಂದರ ಮೇಲೊಂದು ಹತ್ತಿ ಎರಡೂ ಓದೋಕಾಗ್ತಿಲ್ಲ, ಈ ಭಾನುವಾರ ಅದನ್ನ ಸರಿ ಮಾಡ್ಬೇಕು.